ಪ್ರೊಜೆಕ್ಟರಿಗೆ ಇಟ್ಟ ಬೊಟ್ಟು

ನಿವೃತ್ತಿಯಾದ ಮೇಲೆ ನಮ್ಮ ಬೀಗರೊಬ್ಬರು ಕೇಳಿದರು: "ಪ್ರೊಜೆಕ್ಟರಿಗೂ ಕಂಪ್ಯೂಟರಿಗೂ ವೈರ್ ಹಾಕೋದು ಒಂದು ನೌಕರಿನಾ? ಅದಕ್ಕೂ ಸಂಬಳ ಕೊಡ್ತಾರಾ?" ಕೊಡುತ್ತಿದ್ದರು. ಹೊಸೂರಿನ ಮೂಕಂಡಪಲ್ಲಿಯ ಆಚೆಗಿರುವ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತರಬೇತಿ ಸಭಾಂಗಣವನ್ನು ನೋಡಿಕೊಳ್ಳುವುದು ಇಪ್ಪತ್ತಾರು ವರ್ಷ ನನ್ನ ಕೆಲಸವಾಗಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಕೊಂಡು ಡೆಂಕಣಿಕೋಟೆಗೆ ಮರಳಿದವನಿಗೆ ಮೇಷ್ಟ್ರ ಕೆಲಸ ಸಿಗಲಿಲ್ಲ, ಇದು ಸಿಕ್ಕಿತು. ಕಾರ್ಮಿಕರು ನನ್ನನ್ನು 'ಪಿಚ್ಚರ್ ಸಾರ್' ಎನ್ನುತ್ತಿದ್ದರು. ನನ್ನ ಹೆಸರು ಚಂದ್ರಪ್ಪ ಎಂಬುದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಈ ಕೆಲಸಕ್ಕೆ ಈಗ ಸೇರುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆಯಲು ಕುಳಿತೆ. ಹದಿನೈದು ದಿನ ಬರೆದದ್ದನ್ನು ಹರಿದುಹಾಕಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.

ಕಾಲೇಜಿನ ದಿನಗಳಿಂದಲೂ ನನಗೆ ಡೈರಿ ಬರೆಯುವ ಅಭ್ಯಾಸ. ನನ್ನ ನೆನಪನ್ನು ನಾನು ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಬರೆದಿಟ್ಟದ್ದನ್ನು ತೆಗೆದು ಓದುವ ಅಭ್ಯಾಸ ಇರಲಿಲ್ಲ. ಡೈರಿಗಳು ಬೀರುವಿನ ತಳದಲ್ಲಿ ಇದ್ದವು, ನಾನು ನೆನಪಿನಿಂದಲೇ ಮಾತಾಡುತ್ತಿದ್ದೆ.

ನಾನು ಸೇರಿದಾಗ ಪ್ರೊಜೆಕ್ಟರ್ ಎಂದರೆ ಗಾಜಿನ ಮೇಜಿನಂಥ ಪೆಟ್ಟಿಗೆ. ಪಾರದರ್ಶಕ ಹಾಳೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ಅದರ ಮೇಲಿಟ್ಟರೆ ಗೋಡೆಯ ಮೇಲೆ ಅಕ್ಷರ ಬೀಳುತ್ತಿತ್ತು. ಹಾಳೆ ತಲೆಕೆಳಗಾದರೆ ಅಕ್ಷರವೂ ತಲೆಕೆಳಗು, ಅಷ್ಟೇ. ಅದರಲ್ಲಿ ಮೋಸವಿರಲಿಲ್ಲ. ಆಮೇಲೆ ಕಂಪ್ಯೂಟರಿಗೆ ಜೋಡಿಸುವ ಪ್ರೊಜೆಕ್ಟರ್ ಬಂತು. ಮರದ ಪೆಟ್ಟಿಗೆಯಲ್ಲಿ ಥರ್ಮೋಕೋಲಿನ ನಡುವೆ ಕೂಸಿನಂತೆ ಮಲಗಿತ್ತು. ನಮ್ಮ ಗುಣಮಟ್ಟ ವಿಭಾಗದ ಮ್ಯಾನೇಜರ್ ಸೆಲ್ವರಾಜ್ ಸಾರ್ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಚಂದ್ರಪ್ಪ, ಇದು ಕೆಳಗೆ ಬಿದ್ರೆ ನೀನೂ ಬಿದ್ದೆ" ಎಂದರು. ಅವರು ಸೇಲಂ ಕಡೆಯವರು. ಕನ್ನಡ ಮಾತಾಡುತ್ತಿದ್ದರು, ಕೋಪ ಬಂದರೆ ಮಾತ್ರ ತಮಿಳಿಗೆ ಹೋಗುತ್ತಿದ್ದರು.

ಮೊದಲ ತಿಂಗಳಲ್ಲೇ ಒಂದು ಆಘಾತ. ತರಬೇತಿ ಮುಗಿಯಿತು, ಊಟದ ಗಂಟೆಯಾಗಿತ್ತು. ಫ್ಯಾನನ್ನು ಆರಿಸುವಂತೆ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ 'ಪಟ್' ಎಂದು ಸದ್ದು. ಬಲ್ಬ್ ಒಡೆದಿತ್ತು. ಪ್ರೊಜೆಕ್ಟರನ್ನು ಅದರ ಗುಂಡಿಯಿಂದಲೇ ಆರಿಸಬೇಕು, ಒಳಗಿನ ಫ್ಯಾನ್ ತಿರುಗಿ ತಿರುಗಿ ತಾನಾಗಿ ನಿಲ್ಲುವವರೆಗೆ ಕಾಯಬೇಕು, ಆಮೇಲೆ ಗೋಡೆಯ ಸ್ವಿಚ್ಚು. ಪುಸ್ತಕದಲ್ಲಿ ಬರೆದಿತ್ತು. ಭೌತಶಾಸ್ತ್ರ ಓದಿದವನಿಗೆ ಪುಸ್ತಕ ಯಾಕೆ ಎಂದುಕೊಂಡು ನಾನು ಓದಿರಲಿಲ್ಲ. ಸೆಲ್ವರಾಜ್ ಸಾರ್ ಬಂದು ನೋಡಿ, "ಎನ್ನಯ್ಯಾ ಇದು?" ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಸಲ ಒಬ್ಬ ಅಧಿಕಾರಿಯ ಲ್ಯಾಪ್‌ಟಾಪ್ ಜೋಡಿಸಿದೆ. ಅವರು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಪರದೆಯ ಮೇಲೆ ಅವರ ಪತ್ರವೊಂದು ತೆರೆದುಕೊಂಡಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮೇಲ್ವಿಚಾರಕನನ್ನು ಬೇರೆ ಊರಿಗೆ ಹಾಕುವ ವಿಷಯ. ಆತ ತನ್ನ ವರ್ಗಾವಣೆಯನ್ನು ಎಂಟು ಅಡಿ ಅಗಲದಲ್ಲಿ ಓದಿದ. ಅಂದಿನಿಂದ ಮೊದಲು ಲೆನ್ಸಿನ ಮುಚ್ಚಳ ಹಾಕಿಟ್ಟು ಜೋಡಿಸುವುದು, ಮಾತಾಡುವವರು "ಹೂಂ" ಎಂದಮೇಲೆ ಮುಚ್ಚಳ ತೆಗೆಯುವುದು ಎಂಬ ಕ್ರಮ ಮಾಡಿಕೊಂಡೆ. ಈ ಮುಚ್ಚಳದ ವಿಷಯ ನೆನಪಿರಲಿ.

ಇನ್ನು ಕುಂಕುಮದ ಕಥೆ. ಈ ಕೆಲಸದಲ್ಲಿ ನನಗೆ ಹೆಸರು ತಂದದ್ದೇ ಈ ಕಥೆ. ಹೊಸಬರಿಗೆ ತರಬೇತಿ ಕೊಡುವಾಗ, ಬೀಳ್ಕೊಡುಗೆಗಳಲ್ಲಿ, ಮದುವೆ ಮನೆಗಳಲ್ಲಿ ಕೂಡ ಹೇಳಿದ್ದೇನೆ. ಮೊದಲು ಹೇಗೆ ಹೇಳುತ್ತಿದ್ದೆನೋ ಹಾಗೆಯೇ ಹೇಳುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ಆಯುಧಪೂಜೆಗೆ ಒಂದು ಪದ್ಧತಿ. ಬಾಗಿಲಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪುರಿ ಕಡಲೆ ಹಂಚುವುದು ಎಲ್ಲ ಕಡೆಯೂ ಉಂಟು. ನಮ್ಮಲ್ಲಿ ಅದರ ಜೊತೆಗೆ, ಲೇತ್ ಇರಲಿ, ತಕ್ಕಡಿ ಇರಲಿ, ಟೈಪು ಮಾಡುವ ಕಂಪ್ಯೂಟರ್ ಇರಲಿ, ಪ್ರತಿ ಯಂತ್ರಕ್ಕೂ ಗಂಧ ಕುಂಕುಮ ಬೀಳಲೇಬೇಕು. ಪ್ಯಾಕಿಂಗ್ ವಿಭಾಗದ ಹೆಂಗಸರು ತಟ್ಟೆ ಹಿಡಿದು ವಿಭಾಗದಿಂದ ವಿಭಾಗಕ್ಕೆ ಬರುತ್ತಿದ್ದರು. ಅವರಲ್ಲಿ ಮುಂದಾಳು ರತ್ನಮ್ಮ, ಹೊಸೂರಿನ ಆಚೆಯ ತಳಿ ಎಂಬ ಊರಿನ ಕಡೆಯ ಹಳ್ಳಿಯವಳು. ತಯಾರಾದ ಉಕ್ಕಿನ ಭಾಗಗಳನ್ನು ತುಕ್ಕು ಹಿಡಿಯದ ಹಾಗೆ ಎಣ್ಣೆಯ ತೊಟ್ಟಿಯಲ್ಲಿ ಅದ್ದಿ, ಸೋರಿಸಿ, ಪೆಟ್ಟಿಗೆಗೆ ತುಂಬುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಳು. ಬರುವ ಸಂಕ್ರಾಂತಿಯ ಹೊತ್ತಿಗೆ ಅವಳನ್ನು ಕಾಯಂ ಮಾಡುತ್ತೇವೆ ಎಂದು ಕಂಪನಿ ಒಪ್ಪಿತ್ತು. ಅವಳು ಅದನ್ನು ಎಲ್ಲರಿಗೂ ಹೇಳಿಕೊಂಡಿದ್ದಳು, ಕ್ಯಾಂಟೀನಿನವನಿಗೂ.

ಪೂಜೆಯ ರಜೆ ಮುಗಿದ ಮೊದಲ ದಿನವೇ ಗಿರಾಕಿ ಕಂಪನಿಯವರು ಚೆನ್ನೈನಿಂದ ಬಂದರು. ಹೊರದೇಶಕ್ಕೆ ಹೋಗಬೇಕಾದ ದೊಡ್ಡ ಸರಕು. ಪೆಟ್ಟಿಗೆಗಳು ಪೂಜೆಗೆ ಮೊದಲೇ ಲಾರಿಯಲ್ಲಿ ಬಂದರಿಗೆ ಹೋಗಿದ್ದವು. ತುಂಬುವ ಮೊದಲು ತೆಗೆದ ಫೋಟೋಗಳನ್ನು ನೋಡಿ ಅವರು ಒಪ್ಪಿಗೆ ಹಾಕಬೇಕಿತ್ತು. ನಾನು ಪ್ರೊಜೆಕ್ಟರ್ ಇಟ್ಟೆ. ಸೆಲ್ವರಾಜ್ ಸಾರ್ ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡೂ ಕಡೆ ಚಿತ್ರ ಬಿಟ್ಟರೆ ಅದು ತಡವರಿಸುತ್ತಿತ್ತು. ಅದಕ್ಕೆ ಚಿತ್ರ ಪ್ರೊಜೆಕ್ಟರಿಗೆ ಮಾತ್ರ ಹೋಗುವಂತೆ ಗುಂಡಿ ಒತ್ತಿದೆ, ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ದೀಪ ಆರಿಸಿ, ಮುಚ್ಚಳ ತೆಗೆದು, ಅಭ್ಯಾಸದಂತೆ ಕರ್ಚೀಫಿನಿಂದ ಲೆನ್ಸನ್ನು ಒಂದು ಸಲ ಒರೆಸಿದೆ.

ಚಿತ್ರ ಸ್ವಲ್ಪ ಕೆಂಪಗೆ ಬಂತು. ಆಗಿನ ನೀಲಿ ತುದಿಯ ಕೇಬಲ್‌ಗಳಲ್ಲಿ ಹದಿನೈದು ಸೂಜಿಗಳಿರುತ್ತಿದ್ದವು. ಒಂದು ಬಾಗಿದರೂ ಒಂದು ಬಣ್ಣ ಹೋಗಿ ಚಿತ್ರ ಕೆಂಪೋ ಹಳದಿಯೋ ಆಗುತ್ತಿತ್ತು. ದಿನವೂ ಕಾಣುವ ರೋಗ. ಕೇಬಲನ್ನು ಹಿಡಿದು ಅಲ್ಲಾಡಿಸಿದೆ, ಕೆಳಗೆ ಕಾಗದದ ಮಡಿಕೆ ಕೊಟ್ಟೆ. ಸರಿಹೋದಂತೆ ಕಂಡಿತು. ಮೊದಲ ಪುಟಗಳೆಲ್ಲ ಕಡುನೀಲಿ ಹಿನ್ನೆಲೆ, ಹಳದಿ ಅಕ್ಷರ. ಅಲ್ಲಿ ಕೆಂಪು ಎಲ್ಲಿ ತಿಳಿಯುತ್ತದೆ? ಬೂದು ಬಣ್ಣದ ಉಕ್ಕಿನ ಫೋಟೋ ಬಂದಾಗ ಗಿರಾಕಿ ಕಡೆಯವರು ಕುರ್ಚಿಯಿಂದ ಎದ್ದರು. ಭಾಗಗಳ ಮೇಲೆಲ್ಲ ಕಂದುಗೆಂಪು.

"ಮಿಸ್ಟರ್ ಸೆಲ್ವರಾಜ್, ಇದು ತುಕ್ಕು."

ಸಭೆ ಅಲ್ಲಿಗೇ ನಿಂತಿತು. ಬಂದರಿನಲ್ಲಿ ಪೆಟ್ಟಿಗೆಗಳನ್ನು ತಡೆಹಿಡಿದರು. ರತ್ನಮ್ಮನನ್ನು ಸಭಾಂಗಣಕ್ಕೇ ಕರೆಸಿ, ಅದೇ ಚಿತ್ರ ತೋರಿಸಿ, "ಎಣ್ಣೆಗೆ ಅದ್ದಿದ್ಯಾ ಇಲ್ವಾ?" ಎಂದು ಎಲ್ಲರ ಮುಂದೆ ಕೇಳಿದರು. ಸಂಜೆ ಗುತ್ತಿಗೆಯವನು ಅವಳಿಗೆ ನಾಳೆಯಿಂದ ಬರಬೇಡ ಎಂದ.

ಮೂರು ದಿನದ ಮೇಲೆ ನಾನು ಕೇಬಲ್ ಬದಲಿಸಿದೆ. ಹೊಸ ಕೇಬಲಿನಲ್ಲೂ ಕೆಂಪು. ಟಾರ್ಚ್ ಹಿಡಿದು ಲೆನ್ಸಿನೊಳಗೆ ನೋಡಿದರೆ ಗಾಜಿನ ತುಂಬ ಗಂಧ ಕುಂಕುಮ ಸವರಿದೆ! ಯಾರೋ ಬೊಟ್ಟು ಇಟ್ಟಿದ್ದಾರೆ, ನನ್ನ ಕರ್ಚೀಫು ಅದನ್ನು ಗಾಜಿಗೆಲ್ಲ ಹಚ್ಚಿದೆ. ಓಡಿಹೋಗಿ ಸೆಲ್ವರಾಜ್ ಸಾರ್‌ಗೆ ಹೇಳಿದೆ. ಬಂದರಿಗೆ ಫೋನ್ ಹೋಯಿತು, ಪೆಟ್ಟಿಗೆ ತೆರೆಸಿದರು. ಒಂದು ಚುಕ್ಕೆ ತುಕ್ಕಿಲ್ಲ. ಒಂದೊಂದು ಭಾಗವೂ ಎಣ್ಣೆಯಲ್ಲಿ ಮಿನುಗುತ್ತಿತ್ತಂತೆ. ಸರಕು ಹೋಯಿತು, ಕಂಪನಿಯ ಮಾನ ಉಳಿಯಿತು.

ಇಲ್ಲಿಗೆ ಬಂದು ನಾನು ಎಲ್ಲರ ಮುಖ ನೋಡಿ ಹೇಳುತ್ತಿದ್ದೆ: "ಯಾರು ಇಟ್ಟಿದ್ದು ಗೊತ್ತಾ? ಅದೇ ರತ್ನಮ್ಮ! ಭಕ್ತಿಯಿಂದ ಪ್ರೊಜೆಕ್ಟರಿನ ಕಣ್ಣಿಗೇ ಕುಂಕುಮ ಇಟ್ಟು, ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಂಡಳು ಪಾಪ." ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. "ಆದ್ದರಿಂದ, ಆರಂಭಿಸುವ ಮೊದಲು ಲೆನ್ಸ್ ನೋಡಿ" ಎಂದು ಪಾಠ ಹೇಳಿ ಮುಗಿಸುತ್ತಿದ್ದೆ.

ಅವಳನ್ನು ಮತ್ತೆ ಕರೆಯಲಿಲ್ಲ. ತುಕ್ಕಿಲ್ಲ ಎಂದು ತಿಳಿದ ದಿನ ಸೆಲ್ವರಾಜ್ ಸಾರ್ ನನ್ನನ್ನು ಕೇಳಿದ್ದರು: "ಯಾರು ಇಟ್ಟಿದ್ದು?" ನಾನು, "ಪೂಜೆ ಮಾಡಿದ್ದು ಪ್ಯಾಕಿಂಗ್ ಹೆಂಗಸರು ಸಾರ್, ತಟ್ಟೆ ರತ್ನಮ್ಮನ ಕೈಲಿತ್ತು" ಎಂದೆ. ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, "ಹಾಗಾದ್ರೆ ಬೇಡ ಬಿಡು. ಮೆಷಿನ್ ಮೇಲೆ ಕೈಯಾಡಿಸೋರು ನಮಗೆ ಬೇಡ" ಎಂದರು. ಕಾಯಂ ಆಗುವ ಪಟ್ಟಿಯಲ್ಲಿ ಅವಳ ಹೆಸರಿನ ಜಾಗಕ್ಕೆ ಬೇರೆಯವರು ಬಂದರು.

ಈ ಭಾಗವನ್ನು ನಾನು ಎಲ್ಲೂ ಹೇಳುತ್ತಿರಲಿಲ್ಲ. ಹೇಳಿದರೆ ನಗು ನಿಲ್ಲುತ್ತಿತ್ತು.

ಹದಿನೈದು ದಿನದ ಹಿಂದೆ ಈ ಕಥೆಯನ್ನು ಹೀಗೆಯೇ ಬರೆದು ಮುಗಿಸಿದೆ. ಬರೆದು ಮುಗಿಸಿದ ಮೇಲೆ ಒಂದು ಅನುಮಾನ ಕಾಡಿತು. ನನ್ನ ನೆನಪಿನಲ್ಲಿ ಆ ದಿನ ಪರದೆಯ ನಡುವೆ ಕೆಂಪನೆಯ ದುಂಡು ಬೊಟ್ಟೊಂದು ಕಾಣುತ್ತದೆ, ಹಣೆಯ ಮೇಲಿನ ಕುಂಕುಮದಷ್ಟು ಸ್ಪಷ್ಟವಾಗಿ. ಇದು ಸಾಧ್ಯವಿಲ್ಲ. ಲೆನ್ಸಿನ ಹೊರಗಾಜಿನ ಮೇಲೆ ಏನಿದ್ದರೂ ಅದರ ಆಕಾರ ಪರದೆಯ ಮೇಲೆ ಮೂಡುವುದಿಲ್ಲ. ಚಿತ್ರ ಮಂಕಾಗಬಹುದು, ಬಣ್ಣದ ಮಸುಕು ಬರಬಹುದು, ಅಷ್ಟೇ. ಇದು ನಾನೇ ಹತ್ತಾರು ಜನಕ್ಕೆ ಕಲಿಸಿದ ಪಾಠ. ಅಂದರೆ, ನಾನು ಕಣ್ಣಾರೆ ಕಂಡೆ ಎಂದುಕೊಂಡಿರುವ ಬೊಟ್ಟನ್ನು ನಾನು ಕಂಡಿಲ್ಲ. ಕಥೆ ಹೇಳಿ ಹೇಳಿ ಅದನ್ನು ನಾನೇ ಅಲ್ಲಿ ಇಟ್ಟಿದ್ದೇನೆ. ಹಾಗಿದ್ದರೆ ಇನ್ನೇನೇನು ಇಟ್ಟಿದ್ದೇನೆ?

ಬೀರುವಿನ ತಳದಿಂದ ಆ ವರ್ಷದ ಡೈರಿ ತೆಗೆದೆ. ಸಭೆಯ ದಿನದ ಪುಟದಲ್ಲಿ ಕೇಬಲಿನ ವಿಚಾರ ಮೊದಲು ನೋಡಿದೆ. ಸೂಜಿ, ಕಾಗದದ ಮಡಿಕೆ, "ಚಿತ್ರಕ್ಕೆಲ್ಲ ತೆಳುವಾದ ಕೆಂಪು ಛಾಯೆ" ಎಂದು ಬರೆದಿತ್ತು. ಬೊಟ್ಟಿನ ಮಾತಿಲ್ಲ. ನನ್ನ ಭೌತಶಾಸ್ತ್ರ ಸರಿ, ನನ್ನ ನೆನಪು ತಪ್ಪು. ಒಂದು ಬಗೆಯ ಸಮಾಧಾನದಿಂದಲೇ ಹಿಂದಿನ ಪುಟಗಳನ್ನು ಮಗುಚಿದೆ. ಪೂಜೆಯ ದಿನ. ಅಲ್ಲಿ ಹೀಗಿತ್ತು:

"ಸಭಾಂಗಣದ ಪೂಜೆ. ರತ್ನಮ್ಮ ಪ್ರೊಜೆಕ್ಟರಿನ ನೆತ್ತಿಗೆ ಗಂಧ ಇಟ್ಟಳು. ನಾನು ಮುಚ್ಚಳಕ್ಕೆ ಬೊಟ್ಟು ಇಡಲು ಹೋದೆ. ಸೆಲ್ವರಾಜ್ ಸಾರ್ ಬಾಗಿಲಲ್ಲಿ ನಿಂತು, ಟೋಪಿಗೆ ಯಾರಾದರೂ ಬೊಟ್ಟು ಇಡ್ತಾರೇನಯ್ಯಾ, ಹಣೆಗೆ ಇಡು ಎಂದು ನಕ್ಕರು. ಮುಚ್ಚಳ ತೆಗೆದು ಗಾಜಿಗೇ ಒಂದು ಚಿಕ್ಕ ಬೊಟ್ಟು ಇಟ್ಟೆ. ರತ್ನಮ್ಮ, ಕಣ್ಣಿಗೆ ಇಕ್ತಾರಾ ಸಾರ್ ಅಂದಳು. ನಾಳೆ ಒರೆಸಿದರಾಯಿತು ಎಂದು ಮುಚ್ಚಳ ಹಾಕಿದೆ."

ನನ್ನದೇ ಅಕ್ಷರ. ನನ್ನದೇ ಹಸಿರು ಇಂಕು. ಮೂರು ಸಲ ಓದಿದೆ. ಬೇರೆ ಯಾರದ್ದೋ ಡೈರಿ ನನ್ನ ಬೀರುವಿಗೆ ಬಂದಿದೆಯೇ ಎಂದು ಮುಖಪುಟ ತಿರುಗಿಸಿ ಹೆಸರು ನೋಡಿದೆ. ನಗಬೇಡಿ, ನಿಜವಾಗಿ ನೋಡಿದೆ.

ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತು, "ಏನ್ರೀ, ಯಾರಿಗೆ ಏನಾಯ್ತು?" ಎಂದಳು. ಡೈರಿ ಅವಳ ಕೈಗೆ ಕೊಟ್ಟೆ. ಅವಳು ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲಳು, ಅಷ್ಟು ಸಲ ಕೇಳಿದ್ದಾಳೆ. ಓದಿದಳು. "ಮತ್ತೆ ಇಷ್ಟು ವರ್ಷ ಆ ಹೆಂಗಸು ಅಂತಿದ್ರಲ್ಲ?" ಎಂದಳು.

ಸುಳ್ಳು ಹೇಳಿದೆನೇ? ಸೆಲ್ವರಾಜ್ ಸಾರ್ ಕೇಳಿದಾಗ ನನಗೆ ಗೊತ್ತಿದ್ದೂ ಹಾಗೆ ಹೇಳಿದೆನೇ, ಅಥವಾ ಆ ಮೂರು ದಿನದ ಗಾಬರಿಯಲ್ಲಿ ನಿಜವಾಗಿ ಮರೆತಿದ್ದೆನೇ? ನೆನಪನ್ನು ಕೇಳಿದರೆ, ಮರೆತಿದ್ದೆ ಎನ್ನುತ್ತದೆ. ನನಗೆ ಅನುಕೂಲವಾದದ್ದನ್ನೇ ಹೇಳುವ ಸಾಕ್ಷಿ ಅದು. ಸೆಲ್ವರಾಜ್ ಸಾರ್ ಕಿಟಕಿಯ ಕಡೆ ನೋಡಿದ್ದು ಯಾಕೆ? ಬೊಟ್ಟು ಇಡು ಎಂದವರು ಅವರೇ. ಅವರಿಗಾದರೂ ನೆನಪಿತ್ತೇ? ಕೇಳುವಂತಿಲ್ಲ, ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ಕೇಳಬಹುದಾದವರು ಒಬ್ಬರೇ ಉಳಿದಿದ್ದರು.

ಪ್ಯಾಕಿಂಗ್‌ನಲ್ಲಿ ಇದ್ದ ಹಳಬರೊಬ್ಬರಿಂದ ಊರಿನ ಹೆಸರು ಹಿಡಿದು, ಹೊಸೂರಿನಿಂದ ತಳಿಗೆ ಬಸ್ಸಿನಲ್ಲಿ, ಅಲ್ಲಿಂದ ಶೇರ್ ಜೀಪಿನಲ್ಲಿ ಹೋದೆ. ಬೆಳಗಿನ ಹತ್ತು ಗಂಟೆ, ಇನ್ನೂ ಚಳಿ ಬಿಟ್ಟಿರಲಿಲ್ಲ. ರತ್ನಮ್ಮ ಮನೆಯ ಮುಂದಿನ ಚಪ್ಪರದಡಿ ಕುಳಿತು ಗುಲಾಬಿ ಮೊಗ್ಗುಗಳನ್ನು ಉದ್ದಕ್ಕೆ ಸರಿಯಾಗಿ ವಿಂಗಡಿಸಿ, ಇಪ್ಪತ್ತಿಪ್ಪತ್ತು ಸೇರಿಸಿ ಹಳೆ ಪೇಪರಿನಲ್ಲಿ ಸುತ್ತುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಒಂದು ಗಳಿಗೆ ನೋಡಿ ಗುರುತು ಹಿಡಿದಳು.

"ಅಯ್ಯೋ, ಪಿಚ್ಚರ್ ಸಾರ್! ಏನ್ ಸಾರ್ ಇಷ್ಟ್ ದೂರ? ದಾರಿ ತಪ್ಪುಸ್ಕಂಡ್ ಬಂದ್ರಾ?"

"ಇಲ್ಲ ರತ್ನಮ್ಮ, ನಿಮ್ಮನ್ನ ನೋಡೋಕೇ ಬಂದೆ."

"ನನ್ನ ನೋಡಕ್ಕಾ? ಕುಂತ್ಕಳಿ, ಕುಂತ್ಕಳಿ. ಮುಳ್ಳೈತೆ, ಆ ಕಡೆ ಕುಂತ್ಕಳಿ." ಒಳಗೆ ಹೋಗಿ ಕಾಫಿ ತಂದಳು. "ಎಂಗವ್ರೆ ಎಲ್ಲಾ? ಆ ಕ್ಯಾಂಟೀನ್ ಮಾದೇವ ಇನ್ನೂ ಅವ್ನಾ? ನನ್ಗೆ ಒಂದ್ ವಡೆ ಬಾಕಿ ಇಕ್ಕವ್ನೆ."

ನಾನು ನಗಲು ನೋಡಿದೆ, ಆಗಲಿಲ್ಲ. ಚೀಲದಿಂದ ಡೈರಿ ತೆಗೆದು ಆ ಪುಟವನ್ನು ಗಟ್ಟಿಯಾಗಿ ಓದಿದೆ. ಅವಳು ಮೊಗ್ಗು ವಿಂಗಡಿಸುತ್ತಲೇ ಕೇಳಿದಳು. ಓದಿ ಮುಗಿಸಿ, "ಬೊಟ್ಟು ಇಟ್ಟಿದ್ದು ನಾನೇ ರತ್ನಮ್ಮ. ನೀವಲ್ಲ" ಎಂದೆ.

ಅವಳು ತಲೆಯೆತ್ತಿದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಊಂ ಸಾರ್. ನೀವೇ ಇಕ್ಕಿದ್ದು. ನಾನೇ ತಟ್ಟೆ ಇಡ್ಕಂಡಿದ್ನಲ್ಲ."

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನಾನು ಅವತ್ತೇ ಯೋಳುದ್ನಲ್ಲ."

"ಯಾವತ್ತು? ಯಾರಿಗೆ?"

"ನಿಮ್ಗೇ! ಆ ಕೆಂಪುಂದು ಫೋಟೋ ತೋರ್ಸಿ ಎಲ್ಲಾ ಬೈದ್ರಲ್ಲ, ಅವತ್ತೇ. ಅದು ತುಕ್ಕಲ್ಲ ಸಾರ್, ಪೂಜೆ ದಿನ ನೀವು ಕಣ್ಣಿಗಿಕ್ಕಿದ್ರಲ್ಲ, ಆ ಕುಂಕುಮ ಅಂದೆ. ಎರಡ್ ಸಲಿ ಅಂದೆ. ದೊಡ್ಡ ಸಾರ್‌ಗೆ ನನ್ ಮಾತು ಅರ್ಥ ಆಯ್ತೋ ಇಲ್ವೋ, ಅವ್ರು ತಮಿಳಲ್ಲಿ ಕೂಗ್ತಾ ಇದ್ರು. ನೀವು ವೈರ್ ಇಡ್ಕಂಡು ಅಲ್ಲಾಡುಸ್ತಾ ಇದ್ರಿ."

ಆ ಸಭಾಂಗಣ, ಆ ಕತ್ತಲು, ಮೇಜಿನ ಕೊನೆಯಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತ ಅವಳು, ಎಲ್ಲ ನೆನಪಿದೆ. ಅವಳು ಮಾತಾಡಿದ್ದು ಇಲ್ಲ. ನನ್ನ ನೆನಪಿನಲ್ಲಿ ಅವಳು ಬಾಯೇ ತೆರೆಯುವುದಿಲ್ಲ.

"ನಾನು ಏನಂದೆ?" ಎಂದು ಕೇಳಿದೆ.

"'ಸ್ವಲ್ಪ ಇರಮ್ಮ' ಅಂದ್ರಿ."

"ಆಮೇಲೆ?"

"ಆಮೇಲೇನು? ಇದ್ದೆ." ಮೊಗ್ಗಿನ ಕಟ್ಟೊಂದಕ್ಕೆ ದಾರ ಬಿಗಿದು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. "ಗೇಟ್ ತಾವ ಮೂರ್ ದಿನ ಬಂದ್ ನಿಂತೆ ಸಾರ್, ನೀವು ಯೋಳಿರ್ತೀರಾ ಅಂದ್ಕಂಡು. ವಾಚ್‌ಮ್ಯಾನು, 'ಓಗಮ್ಮ, ಕರುದ್ರೆ ಯೋಳ್ತೀನಿ' ಅಂದ. ಕರೀಲಿಲ್ಲ."

ಆಮೇಲೆ ಅವಳು ಬೇರೆ ಒಂದೆರಡು ಕಡೆ ಪ್ರಯತ್ನಿಸಿದಳಂತೆ. ತುಕ್ಕು ಹಿಡಿಸಿದವಳು ಎಂಬ ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿರುತ್ತಿತ್ತು. ಒಂದು ವರ್ಷ ನೋಡಿ ಊರಿಗೆ ಬಂದು ತಮ್ಮನ ಹೊಲದ ಕೆಲಸಕ್ಕೆ ನಿಂತಳು. ಇದನ್ನೆಲ್ಲ ಯಾರದ್ದೋ ಸುದ್ದಿಯಂತೆ ಹೇಳಿದಳು. ಬಂದರಿನಲ್ಲಿ ಪೆಟ್ಟಿಗೆ ತೆರೆಸಿದ್ದು, ತುಕ್ಕಿಲ್ಲ ಎಂದು ತಿಳಿದದ್ದು ಅವಳಿಗೆ ಯಾರೂ ತಿಳಿಸಿರಲಿಲ್ಲ. ನಾನು ಹೇಳಿದಾಗಲೇ ಮೊದಲ ಸಲ ಅವಳ ಕೈ ನಿಂತದ್ದು.

"ತುಕ್ಕೇ ಇರ್ಲಿಲ್ವಾ?"

"ಇರಲಿಲ್ಲ. ಎಲ್ಲ ಎಣ್ಣೇಲಿ ಮಿನುಗ್ತಿತ್ತಂತೆ."

"ಮಿನುಗ್ದೆ ಏನ್ ಸಾರ್? ನಾನ್ ಅದ್ದಿದ್ದಲ್ವಾ?" ಅವಳ ಮುಖ ಬೆಳಗಿತು. ಆ ಬೆಳಕನ್ನು ನೋಡುವುದು ನನಗೆ ಕಷ್ಟವಾಯಿತು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಈ ಒಂದು ಮಾತು ನನ್ನ ಬಳಿ ಇತ್ತು. ಒಂದು ಬಸ್ಸು, ಒಂದು ಜೀಪಿನಷ್ಟು ದೂರ.

ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ಹೇಳಬೇಕಾದದ್ದು ಇನ್ನೂ ಒಂದಿತ್ತು. ನಾನು ಈ ಕಥೆಯನ್ನು ಇಷ್ಟು ವರ್ಷ ಊರೂರಿನಲ್ಲಿ ಹೇಳಿಕೊಂಡು ಬಂದದ್ದು, ಕೊನೆಯಲ್ಲಿ ಅವಳ ಹೆಸರು ಹೇಳುತ್ತಿದ್ದದ್ದು. ಹೇಳಿದೆ.

"ನನ್ ಎಸ್ರು ಯೋಳಿನಾ?"

"ಹೌದು."

"ಕೇಳ್ದೋರು ಏನಂತಿದ್ರು?"

"ನಗ್ತಿದ್ರು."

ರತ್ನಮ್ಮ ಕೈಲಿದ್ದ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಳು. ಕೆಲಸ ಹೋದದ್ದನ್ನು ಹೇಳುವಾಗ ಕದಲದ ಮುಖ ಈಗ ಬಿಳಿಚಿಕೊಂಡಿತು. ನನ್ನನ್ನು ಮೊದಲ ಸಲ ಕಂಡವಳಂತೆ ನೋಡಿದಳು.

"ಎಷ್ಟ್ ಜನುಕ್ ಯೋಳಿದ್ದೀರಾ?"

ಲೆಕ್ಕವಿಲ್ಲ ಎಂದೆ.

"ಸರಿ ಆಂಗಾದ್ರೆ," ಎಂದಳು, "ಅವ್ರುಗೆಲ್ಲಾ ಓಗಿ ಯೋಳಿ." ಆಮೇಲೆ ಮತ್ತೆ ಮೊಗ್ಗು ಕೈಗೆತ್ತಿಕೊಂಡಳು. ಬಸ್ಸಿನ ಹೊತ್ತಾಯಿತು ಎಂದು ನನಗೆ ನೆನಪಿಸಿದವಳೂ ಅವಳೇ.

ಅದಕ್ಕೇ ಬರೆದದ್ದನ್ನು ಹರಿದು ಮತ್ತೆ ಬರೆದೆ. ನನ್ನ ಬಾಯಿಂದ ಈ ಕಥೆ ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಬೊಟ್ಟು ಇಟ್ಟವನು ನಾನು. ಒರೆಸಿ ಹರಡಿದವನು ನಾನು. ರತ್ನಮ್ಮ ಒಂದೊಂದು ಭಾಗವನ್ನೂ ಎಣ್ಣೆಗೆ ಅದ್ದಿದ್ದಳು. ನೀವು ಈ ಕಥೆಯನ್ನು ಬೇರೆಯವರಿಗೆ ಹೇಳಿ ನಗಿಸಿದ್ದರೆ ಅವರಿಗೂ ಹೇಳಿ.

ಈಗ ಕೆಲಸಕ್ಕೆ ಸೇರುತ್ತಿರುವವರಿಗೆ ಎರಡು ಮಾತು. ಸೂಜಿಯ ಕೇಬಲ್ ಹೋಯಿತು, ಚಪ್ಪಟೆ ಕೇಬಲ್ ಬಂತು, ಕೆಲವು ಕಡೆ ಕೇಬಲೇ ಇಲ್ಲದೆ ಚಿತ್ರ ಬೀಳುತ್ತದೆ. ಏನೇ ಬರಲಿ, ಲ್ಯಾಪ್‌ಟಾಪಿನ ಪರದೆಯನ್ನು ಎಂದೂ ಕಪ್ಪು ಮಾಡಬೇಡಿ. ಎರಡೂ ಕಡೆ ಚಿತ್ರ ಇರಲಿ, ತಡವರಿಸಿದರೆ ತಡವರಿಸಲಿ. ಅಂದು ಲ್ಯಾಪ್‌ಟಾಪಿನಲ್ಲಿ ಚಿತ್ರವಿದ್ದಿದ್ದರೆ ಯಾರಾದರೂ ಒಮ್ಮೆ ಕಣ್ಣು ಕೆಳಗೆ ಹಾಯಿಸಿ, ಅಲ್ಲಿ ಉಕ್ಕು ಬೂದು ಬಣ್ಣದಲ್ಲೇ ಇದೆ ಎನ್ನುತ್ತಿದ್ದರು. ಸಭೆಯಾದ ಮೇಲೆ ಮೂರು ದಿನ ಆ ಫೋಟೋಗಳು ಅದೇ ಲ್ಯಾಪ್‌ಟಾಪಿನಲ್ಲಿದ್ದವು. ಒಬ್ಬರೂ ತೆರೆದು ನೋಡಲಿಲ್ಲ. ಎಂಟು ಅಡಿಯ ಪರದೆಯಲ್ಲಿ ನೋಡಿ ಆದಮೇಲೆ ಒಂದಡಿಯದರಲ್ಲಿ ಯಾರು ನೋಡುತ್ತಾರೆ? ದೊಡ್ಡದಾಗಿ ತೋರಿಸಿದ್ದನ್ನು ಜನ ನಂಬುತ್ತಾರೆ. ತೋರಿಸುವವರು ನಾವು.

ಎರಡನೆಯ ಮಾತನ್ನು ಹೇಗೆ ಹೇಳಬೇಕೋ ತಿಳಿಯದು. ತಳಿಯಿಂದ ಬಂದ ದಿನವೇ ಸಭೆಯ ಪುಟವನ್ನು ಮತ್ತೆ ತೆಗೆದೆ. ಅವಳು ಮಾತಾಡಿದ್ದರೆ ನಾನು ಬರೆದಿರಲೇಬೇಕು, ಬರೆದಿಲ್ಲವೆಂದರೆ ಅವಳ ನೆನಪನ್ನೂ ನನ್ನದರಂತೆಯೇ ನಂಬುವಂತಿಲ್ಲ ಎಂದು ಒಳಗೊಳಗೆ ಆಸೆಪಟ್ಟಿದ್ದೆ, ಅದನ್ನೂ ಬಚ್ಚಿಡುವುದಿಲ್ಲ. ಆ ಪುಟವನ್ನು ಕೇಬಲಿಗಾಗಿ ಹುಡುಕುತ್ತ ಕೆಲವೇ ದಿನದ ಹಿಂದೆ ಓದಿದ್ದೆ. ಸೂಜಿಯ ಸಾಲು, ಕಾಗದದ ಮಡಿಕೆಯ ಸಾಲು, ಕೆಂಪು ಛಾಯೆಯ ಸಾಲು ಎಲ್ಲ ಇದ್ದವು. ಪುಟದ ತಳದಲ್ಲಿ, ಜಾಗ ಸಾಲದೆ ಒತ್ತಿ ಬರೆದ ಕೊನೆಯ ಸಾಲೂ ಅಂದು ನನ್ನ ಕಣ್ಣ ಮುಂದೆಯೇ ಇತ್ತು:

"ರತ್ನಮ್ಮ ಏನೋ ಹೇಳುತ್ತಿದ್ದಳು. ಕೇಬಲ್ ಬದಲಿಸಬೇಕು."